ಗುಬ್ಬಿಗೆ ಎರಡು ಬೆರಳಗಲದ ಜಾಗ

ಇವತ್ತಿನ ವಿಷಯ ಗುಬ್ಬಚ್ಚಿ. ಇನ್ನೂ ಸರಿಯಾಗಿ ಹೇಳಬೇಕು ಅಂದ್ರೆ, ನಮ್ಮ ಮನೆ ಗೋಡೆಯ ಸಂದಿಗೊಂದಿಗಳು.

ಮೈಸೂರಿನ ಲಕ್ಷ್ಮೀಪುರಂನಲ್ಲಿ ನಮ್ಮ ಅಮ್ಮನ ಮನೆ ಇದೆ. ಮಂಗಳೂರು ಹೆಂಚಿನ ಹಳೇ ಮನೆ. ಎರಡು ಮಳೆಗಾಲದಿಂದ ಸೋರುತ್ತಿತ್ತು. ಈ ಸಲ ಬೇಸಿಗೆ ಶುರುವಾಗುವ ಮುಂಚೆಯೇ ಹೆಂಚು ಇಳಿಸಿ, ಕೆಟ್ಟ ರೀಪು ಬದಲಾಯಿಸೋಣ ಅಂತ ಮೇಸ್ತ್ರಿಯನ್ನು ಕರೆಸಿದೆವು. ಮೂರನೇ ದಿನ ಏಣಿ ಮೇಲಿಂದ ಅವರು ಕೂಗಿದರು: "ಅಕ್ಕಾ, ಇಲ್ಲಿ ಗುಬ್ಬಿ ಮರಿ ಐತೆ. ಏನ್ ಮಾಡ್ಲಿ?"

ಹತ್ತಿ ನೋಡಿದೆ. ಗೋಡೆಯ ತಲೆ ಮತ್ತು ಸೂರಿನ ನಡುವೆ ಹುಲ್ಲು, ದಾರ, ಕೋಳಿ ಪುಕ್ಕದ ಒಂದು ಗೂಡು. ಒಳಗೆ ಮೂರು ಮರಿ, ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಕೆಳಗೆ ನಾಲ್ಕು ಜನ ದಿನಗೂಲಿಯವರು ಕಾಯ್ತಾ ಇದ್ದಾರೆ, ಅಂಗಳದ ತುಂಬಾ ಇಳಿಸಿದ ಹೆಂಚು. ನಾನು ಲೆಕ್ಕ ಹಾಕ್ತಾ ನಿಂತಿದ್ದೆ. ಅಮ್ಮ ಮಾತ್ರ ಯೋಚನೆ ಮಾಡಲಿಲ್ಲ. "ಬಾಣಂತಿ ಮನೆ ಕಣೇ, ಆ ಮೂಲೆಗೆ ಕೈ ಹಾಕ್ಬೇಡಿ" ಅಂದರು.

ಆ ಮೂಲೆ ಹಾಗೇ ಬಿಟ್ಟು, ಪಕ್ಕಕ್ಕೆ ಟಾರ್ಪಾಲು ಕಟ್ಟಿ ಉಳಿದ ಕೆಲಸ ಮುಗಿಸಿದೆವು. ಗುಬ್ಬಿ ಮೊಟ್ಟೆ ಒಡೆಯೋಕೆ ಹನ್ನೊಂದರಿಂದ ಹದಿನಾಲ್ಕು ದಿನ, ಮರಿ ಹಾರೋಕೆ ಇನ್ನು ಸುಮಾರು ಎರಡು ವಾರ. ನಮ್ಮ ಮರಿಗಳು ಹಾರಿದ ಮೇಲೆ ಮೇಸ್ತ್ರಿ ಮತ್ತೆ ಬಂದರು. ಎರಡು ದಿನದ ಕೂಲಿ ಹೆಚ್ಚಿಗೆ ಹೋಯಿತು. ಕೊನೆಗೆ ಸಿಮೆಂಟ್ ಕಲಸಿಟ್ಟುಕೊಂಡು ಅವರು ಕೇಳಿದ್ದು ಇದು: "ಸಂದಿ ಎಲ್ಲಾ ಮುಚ್ಚಿಬಿಡ್ಲಾ ಅಕ್ಕಾ? ಇಲಿ ಕಾಟ ಇರಲ್ಲ."

ಈ ಪ್ರಶ್ನೆಯೇ ಇವತ್ತಿನ ಸಂಚಿಕೆ.

ಗುಬ್ಬಿಗೆ ಮರಕುಟಿಗದ ಹಾಗೆ ಮರ ಕೊರೆಯೋ ಕೊಕ್ಕಿಲ್ಲ, ಗೀಜಗದ ಹಾಗೆ ಗೂಡು ನೇಯೋ ಕಲೆಯೂ ಇಲ್ಲ. ಅದಕ್ಕೆ ಬೇಕಾಗಿರೋದು ಯಾರೋ ಮಾಡಿಟ್ಟ ಒಂದು ಪೊಟರೆ, ಒಂದು ಸಂದಿ. ನಮ್ಮ ಹಳೇ ಮನೆಗಳಲ್ಲಿ ಅದು ಬೇಕಾದಷ್ಟಿತ್ತು: ಸೂರಿನ ಕೆಳಗೆ, ತೊಲೆ ಗೋಡೆಗೆ ಸೇರುವಲ್ಲಿ, ಗವಾಕ್ಷಿಯಲ್ಲಿ, ಮುಂದಕ್ಕೆ ವಾಲಿಸಿ ನೇತುಹಾಕಿದ ದೇವರ ಪಟದ ಹಿಂದೆ. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದಾಗ ಹಕ್ಕಿಗಳ ಬಗ್ಗೆ ಯೋಚಿಸಿರಲಾರರು. ಆದರೆ ಆ ಹೆಂಚಿನ ಮಾಡು ಹೋದಲ್ಲೆಲ್ಲ ಗುಬ್ಬಿಗೂ ಒಂದು ಮೂಲೆ ಸಿಕ್ಕಿತು. ಈಗ ಬರ್ತಾ ಇರೋ ಮನೆ ನೋಡಿ. ಆರ್‌ಸಿಸಿ ತಾರಸಿ, ನುಣ್ಣಗಿನ ಪ್ಲಾಸ್ಟರಿಂಗ್, ಅಲ್ಯೂಮಿನಿಯಂ ಕಿಟಕಿ, ಅದಕ್ಕೊಂದು ಸೊಳ್ಳೆ ಪರದೆ. ಬೆರಳು ತೂರುವಷ್ಟು ಸಂದಿಯೂ ಇಲ್ಲ. ಕಾಗಕ್ಕ ಗುಬ್ಬಕ್ಕನ ಕಥೆಯಲ್ಲಿ ಮಳೆಗೆ ಸಿಕ್ಕ ಕಾಗಕ್ಕ ಬಂದು ಗುಬ್ಬಕ್ಕನ ಬಾಗಿಲು ತಟ್ಟುತ್ತೆ. ಈಗ ಬಾಗಿಲ ಹೊರಗೆ ನಿಂತಿರೋದು ಗುಬ್ಬಕ್ಕ.

"ಮೊಬೈಲ್ ಟವರ್‌ನಿಂದ ತಾನೇ ಗುಬ್ಬಿ ಹೋಗಿದ್ದು?" ಅಂತ ತುಂಬಾ ಜನ ಕೇಳ್ತಾರೆ. ಅದಕ್ಕೆ ಗಟ್ಟಿಯಾದ ಪುರಾವೆ ಸಿಕ್ಕಿಲ್ಲ. 2020ರಲ್ಲಿ ಬಂದ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿಯ ಪ್ರಕಾರ, ದೇಶದ ಒಟ್ಟು ಲೆಕ್ಕದಲ್ಲಿ ಗುಬ್ಬಿ ಸಂಖ್ಯೆ ಕಳೆದ ಇಪ್ಪತ್ತೈದು ವರ್ಷದಲ್ಲಿ ಹೆಚ್ಚುಕಮ್ಮಿ ಸ್ಥಿರವಾಗಿದೆ. ಕುಸಿದಿರೋದು ಬೆಂಗಳೂರು, ಚೆನ್ನೈನಂಥ ಮಹಾನಗರಗಳಲ್ಲಿ. ಅಂದ್ರೆ ನಾವು ಕಟ್ಟುವ ರೀತಿಯನ್ನೇ ಒಮ್ಮೆ ನೋಡಿಕೊಳ್ಳಬೇಕು. ಗೂಡಿನ ಜಾಗದ ಜೊತೆಗೆ ಆಹಾರವೂ ಬೇಕು. ದೊಡ್ಡ ಗುಬ್ಬಿ ಕಾಳು ತಿಂದುಕೊಂಡಿರುತ್ತೆ, ಆದರೆ ಮರಿಗೆ ಮೊದಲ ದಿನಗಳಲ್ಲಿ ಹುಳುಹುಪ್ಪಟೆಯೇ ಬೇಕು. ಅಂಗಳಕ್ಕೆ ಪೂರ್ತಿ ಟೈಲ್ಸ್ ಹಾಕಿಸಿ, ಇರೋ ನಾಲ್ಕು ಕುಂಡಕ್ಕೂ ಕೀಟನಾಶಕ ಹೊಡೆದರೆ, ಗೋಡೆಗೆ ಎಷ್ಟು ಪೆಟ್ಟಿಗೆ ಹಾಕಿದರೂ ಪ್ರಯೋಜನ ಇಲ್ಲ.

ಪೆಟ್ಟಿಗೆ ಅಂದ ಕೂಡಲೇ ನನ್ನ ದಡ್ಡತನ ಹೇಳಿಬಿಡ್ತೀನಿ. ಮಾರ್ಚ್ 20 ವಿಶ್ವ ಗುಬ್ಬಚ್ಚಿ ದಿನ, 2010ರಿಂದ ಆಚರಿಸ್ತಾ ಇದ್ದಾರೆ. ಒಂದು ವರ್ಷ ಆ ದಿನ ಉತ್ಸಾಹದಲ್ಲಿ ಬಣ್ಣದ ಗೂಡೊಂದನ್ನು ತಂದು ನೇತುಹಾಕಿದೆ. ಎರಡು ವರ್ಷ ಖಾಲಿ ಇತ್ತು. ಆಮೇಲೆ ತಿಳಿದುಕೊಂಡೆ, ನಾನು ಮಾಡಿದ್ದೆಲ್ಲ ತಪ್ಪು. ಪಶ್ಚಿಮದ ಗೋಡೆಗೆ ಹಾಕಿದ್ದೆ. ಮಧ್ಯಾಹ್ನದ ಬಿಸಿಲಿಗೆ ಒಳಗೆ ಒಲೆ, ಮುಂಗಾರಿನಲ್ಲಿ ಇರಚಲು ನೇರ ಅದರ ಬಾಯಿಗೆ. ತೂತು ಗೊರವಂಕ ಹೋಗುವಷ್ಟು ದೊಡ್ಡದಿತ್ತು. ಕೂರೋಕೆ ಅಂತ ಮುಂದೆ ಒಂದು ಕಡ್ಡಿ ಇತ್ತು. ಗುಬ್ಬಿಗೆ ಅದು ಬೇಡ, ಕಾಗೆಗೆ ಅನುಕೂಲ.

ಸರಿಯಾದ ಅಳತೆ ಹೇಳ್ತೀನಿ, ಬರೆದುಕೊಳ್ಳಿ. ತೂತು 32 ಮಿಲಿಮೀಟರ್, ಅಂದಾಜು ಎರಡು ಬೆರಳಗಲ. ತಳ ಸುಮಾರು 15 ಸೆಂಟಿಮೀಟರ್ ಚೌಕ. ತೂತಿನಿಂದ ತಳಕ್ಕೆ 12ರಿಂದ 15 ಸೆಂಟಿಮೀಟರ್ ಆಳ. ನೆಲದಿಂದ ಎಂಟು ಹತ್ತು ಅಡಿ ಎತ್ತರ, ಸೂರಿನ ನೆರಳಲ್ಲಿ, ಪೂರ್ವ ಅಥವಾ ಉತ್ತರಕ್ಕೆ ಮುಖ. ಒಳಗೆ ಬಣ್ಣ ಬೇಡ. ತಳದಲ್ಲಿ ನೀರು ಬಸಿಯೋಕೆ ಸಣ್ಣ ತೂತು. ರಟ್ಟಿನ ಡಬ್ಬಿ ಬೇಡ, ಮೊದಲ ಮಳೆಗೇ ಕರಗಿಹೋಗುತ್ತೆ. ಗುಬ್ಬಿ ಗುಂಪಿನಲ್ಲಿ ಬಾಳುವ ಹಕ್ಕಿ, ಆದ್ದರಿಂದ ಒಂದರ ಬದಲು ಎರಡು ಮೂರು ಹಾಕಿ. ಸೀಲಿಂಗ್ ಫ್ಯಾನ್ ತಿರುಗೋ ಕೋಣೆಯೊಳಗೆ ಮಾತ್ರ ಖಂಡಿತ ಬೇಡ.

ಆದರೆ ಪೆಟ್ಟಿಗೆಗಿಂತ ಒಳ್ಳೆಯದು ಗೋಡೆಯಲ್ಲೇ ಜಾಗ ಬಿಡೋದು. ಟರ್ಕಿಯಲ್ಲಿ ಆಟೋಮನ್ನರ ಕಾಲದ ಮಸೀದಿ ಗೋಡೆಗಳಲ್ಲಿ ಹಕ್ಕಿಗಳಿಗೆ ಅಂತಲೇ ಕೆತ್ತಿದ ಕಲ್ಲಿನ ಪುಟ್ಟ ಮನೆಗಳಿವೆ. ಇಂಗ್ಲೆಂಡಿನಲ್ಲಿ ಸ್ವಿಫ್ಟ್ ಅನ್ನೋ ಹಕ್ಕಿ, ಕುಡುಗೋಲಿನಂಥ ರೆಕ್ಕೆಯದ್ದು, ಹಳೇ ಕಟ್ಟಡಗಳ ಸಂದಿಯಲ್ಲೇ ಗೂಡು ಮಾಡುತ್ತೆ. ರಿಪೇರಿ ಹೆಸರಲ್ಲಿ ಸಂದಿಗಳು ಮುಚ್ಚಿಹೋಗ್ತಾ ಇದ್ದಾವೆ, 1995ರಿಂದ ಈಚೆಗೆ ಅದರ ಸಂಖ್ಯೆಯೂ ಅರ್ಧಕ್ಕಿಂತ ಹೆಚ್ಚು ಇಳಿದಿದೆ. ಅಲ್ಲಿನ ಬ್ರೈಟನ್ ನಗರದಲ್ಲಿ 2020ರಿಂದ ಹೊಸ ಕಟ್ಟಡದ ಗೋಡೆಯಲ್ಲಿ ಟೊಳ್ಳು ಇಟ್ಟಿಗೆ ಸೇರಿಸಬೇಕು ಅಂತ ನಿಯಮ ಮಾಡಿದ್ದಾರೆ. ಹೊರಗಿಂದ ನೋಡಿದರೆ ಒಂದು ಸೀಳು, ಒಳಗೆ ಹಕ್ಕಿಗೊಂದು ಕೋಣೆ.

ನಮ್ಮಲ್ಲೂ ಕಾನೂನು ಇಲ್ಲ ಅಂತಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ 'ಬೇಟೆ' ಅನ್ನೋ ಪದದ ವ್ಯಾಖ್ಯಾನದಲ್ಲಿ ಕಾಡುಹಕ್ಕಿಯ ಮೊಟ್ಟೆಗೆ ಹಾನಿ ಮಾಡೋದು, ಗೂಡು ಕದಡೋದು ಕೂಡ ಸೇರಿದೆ. ಆದರೆ ಅದು ಇರೋ ಗೂಡಿನ ಮಾತು. ಗೂಡು ಕಟ್ಟೋಕೆ ಜಾಗವೇ ಇಲ್ಲದ ಗೋಡೆ ಕಟ್ಟಿದರೆ ಯಾರೂ ಕೇಳೋದಿಲ್ಲ.

ಸರಿ, ಮೇಸ್ತ್ರಿಗೆ ಏನು ಹೇಳಿದೆವು? ಇಲಿ ಬಗ್ಗೆ ಅವರು ಹೇಳಿದ್ದು ಸುಳ್ಳಲ್ಲ. ಗುಬ್ಬಿ ಹೋಗುವ ತೂತಿನಲ್ಲಿ ಇಲಿಯೂ ಹೋಗುತ್ತೆ. ತೂತು ಅಟ್ಟಕ್ಕೆ ತೆರೆದುಕೊಂಡರೆ ಇಲಿ ಮನೆಯೊಳಗೇ ಬಂತು ಅಂತ ಲೆಕ್ಕ. ಅವರೇ ಒಂದು ದಾರಿ ಕಂಡುಕೊಂಡರು. ಸಂದಿಗಳನ್ನೆಲ್ಲ ಮುಚ್ಚಿ, ಪೂರ್ವದ ಗೋಡೆಯ ತಲೆಯಲ್ಲಿ ಸೂರಿನ ಕೆಳಗೆ ನಾಲ್ಕು ಕಡೆ ಇಟ್ಟಿಗೆಯ ಗೂಡು ಬಿಟ್ಟರು. ಹೊರಗೆ ಎರಡು ಬೆರಳಗಲದ ಬಾಯಿ, ಹಿಂದೆ ಪೂರ್ತಿ ಮುಚ್ಚಿದ ಗೋಡೆ. ಇಲಿ ಹತ್ತೋಕೆ ಸಿಗದ ಹಾಗೆ ಪೈಪು, ಬಳ್ಳಿಗಳಿಂದ ದೂರ. ಅರ್ಧ ದಿನದ ಕೆಲಸ, ಒಡೆದ ಇಟ್ಟಿಗೆ ಚೂರುಗಳೇ ಸಾಕಾದವು.

ಈಗ ನಾಲ್ಕರಲ್ಲಿ ಒಂದಕ್ಕೆ ಜೋಡಿ ಬಂದಿದೆ. ಮೂರು ಖಾಲಿ. ಅಮ್ಮ ದಿನಾ ಬೆಳಿಗ್ಗೆ ಕಾಫಿ ಲೋಟ ಹಿಡಿದು ಜಗಲಿಯಲ್ಲಿ ಕೂತು ಹಾಜರಿ ತಗೊಳ್ತಾರೆ.

ಪಕ್ಕದ ಹೆಂಚಿನ ಮನೆ ಮಾರಾಟವಾಗಿದೆ, ಇಷ್ಟರಲ್ಲೇ ಕೆಡವುತ್ತಾರೆ. ಅದರ ಸೂರಿನಲ್ಲಿ ಕನಿಷ್ಠ ಐದು ಗೂಡು ನಾನೇ ಎಣಿಸಿದ್ದೀನಿ. ಕೊಂಡವರ ಹತ್ತಿರ ಹೋಗಿ ಎರಡು ವಿಷಯ ಕೇಳಿದೆ: ಮರಿ ಹಾರುವ ತನಕ ಕಾಯ್ತೀರಾ, ಹೊಸ ಕಟ್ಟಡದ ಗೋಡೆಯಲ್ಲಿ ಹತ್ತು ಗೂಡು ಬಿಡ್ತೀರಾ? ಮೊದಲನೆಯದಕ್ಕೆ "ನೋಡೋಣ" ಅಂದಿದ್ದಾರೆ. ಎರಡನೆಯದಕ್ಕೆ ನಕ್ಕರು. ನಮ್ಮ ಮೇಸ್ತ್ರಿಯನ್ನು ಕರ್ಕೊಂಡು ಇನ್ನೊಂದು ಸಲ ಹೋಗ್ತೀನಿ. ನಾನು ಹೇಳಿದರೆ ಹಕ್ಕಿ ಹುಚ್ಚು ಅಂತಾರೆ, ಅವರು ಹೇಳಿದರೆ ಕೆಲಸದ ಮಾತು ಅನ್ನಿಸಬಹುದು.

ನಿಮ್ಮ ಮನೆಯಲ್ಲೂ ಗಾರೆ ಕೆಲಸ ನಡೀತಾ ಇದ್ರೆ, ಸಿಮೆಂಟ್ ಕಲಸೋ ಮುಂಚೆ ಒಮ್ಮೆ ಏಣಿ ಹತ್ತಿ ನೋಡಿ.