ರಾಗಿ ಹೊಲದಲ್ಲಿ ಬಿತ್ತನೆಯ ಸಾಂದ್ರತೆ ಮತ್ತು ಯೂರಿಯಾ ಪ್ರಮಾಣ

ಮುಂಗಾರು ಬಿತ್ತನೆಯ ಕಾಲದ ಗ್ರಾಮ ಸಭೆಗಳಲ್ಲಿ ಯೂರಿಯಾ ಸಿಗುತ್ತಿಲ್ಲವೆಂಬ ದೂರು ಸಾಮಾನ್ಯ. ಎಕರೆಗೆ ನಿಜಕ್ಕೂ ಎಷ್ಟು ಬೇಕೆಂಬ ಪ್ರಶ್ನೆ ಅಪರೂಪ. ಹೊಲದಲ್ಲಿ ಪೈರು ಎಷ್ಟು ದಟ್ಟವಾಗಿದೆ ಎಂಬುದನ್ನು ನೋಡದೆ ಈ ಪ್ರಶ್ನೆಗೆ ಉತ್ತರಿಸಲಾಗದು.

ಸಾಲುಗಳ ನಡುವೆ 30 ಸೆಂ.ಮೀ., ಗಿಡಗಳ ನಡುವೆ 10 ಸೆಂ.ಮೀ. ಅಂತರವಿದ್ದರೆ ಎಕರೆಗೆ ಸುಮಾರು 1.35 ಲಕ್ಷ ಪೈರು ಸಾಕು. ಒಂದು ಕಿಲೋ ರಾಗಿಯಲ್ಲಿಯೇ ಮೂರು ಲಕ್ಷಕ್ಕೂ ಹೆಚ್ಚು ಕಾಳುಗಳಿರುತ್ತವೆ. ಕೂರಿಗೆ ಬಿತ್ತನೆಗೆ ಎಕರೆಗೆ ಸುಮಾರು 4 ಕಿಲೋ ಬೀಜ ಬಳಸುವುದು ಮೊಳೆಯದ, ಆಳಕ್ಕೆ ಬಿದ್ದು ಮೇಲೇಳದ ಕಾಳುಗಳನ್ನೂ ಲೆಕ್ಕಕ್ಕೆ ಹಿಡಿದು. ಮಳೆ ಹದವಾಗಿ ಬಿದ್ದ ವರ್ಷ ಹೆಚ್ಚುವರಿ ಪೈರನ್ನು ಕೀಳಲೇಬೇಕು. ಕೂಲಿಯ ಖರ್ಚಿಗೆ ಅಂಜಿ ಬಿಟ್ಟರೆ ಪೈರು ಬೆಳಕಿಗಾಗಿ ಪೈಪೋಟಿಗಿಳಿದು ಸಣಕಲಾಗಿ ಮೇಲೇರುತ್ತದೆ. ತೆಂಡೆ ಒಡೆಯುವುದು ಕಡಿಮೆಯಾಗುತ್ತದೆ. ಅದರ ಮೇಲೆ ಯೂರಿಯಾ ಸುರಿದಾಗ ಹೊಲ ಕಡುಹಸಿರಾಗಿ ಕಂಗೊಳಿಸುವುದೇನೋ ನಿಜ. ಆದರೆ ಮೆತುವಾದ ದಂಟು ತೆನೆಯ ಭಾರಕ್ಕೆ ಒರಗುತ್ತದೆ, ಬೆಂಕಿ ರೋಗಕ್ಕೂ ಸುಲಭವಾಗಿ ತುತ್ತಾಗುತ್ತದೆ. ಕಾಳು ಜಳ್ಳಾಗಿ ಹಿಟ್ಟು ಇಳಿಯುವುದಿಲ್ಲ. ಬೆಂಬಲ ಬೆಲೆಯ ಖರೀದಿ ಕೇಂದ್ರದಲ್ಲಿ ಗುಣಮಟ್ಟ ಪರೀಕ್ಷಿಸುವಾಗ ತಕರಾರು ಏಳುವುದೂ ಇಂತಹ ರಾಗಿಗೇ.

ವಿರಳ ಪೈರಿನಿಂದ ಇಳುವರಿ ಕುಸಿಯುತ್ತದೆಂಬ ಭಯಕ್ಕೆ ಹಾವೇರಿ ಭಾಗದ ಗುಳಿ ರಾಗಿ ಪದ್ಧತಿಯೇ ಉತ್ತರ. ಅಲ್ಲಿ ಸುಮಾರು ಒಂದೂವರೆ ಅಡಿ ಅಂತರದ ಗುಳಿಗಳಲ್ಲಿ ಸಸಿ ನೆಟ್ಟು, ಎಳೆಯ ಪೈರಿನ ಮೇಲೆ ಕೊರಡು ಹಾಯಿಸುತ್ತಾರೆ. ಬಾಗಿದ ಪೈರು ಬುಡದಿಂದ ಹಲವು ತೆಂಡೆಗಳನ್ನು ಒಡೆಯುತ್ತದೆ.

ಇನ್ನು ಗೊಬ್ಬರ. ಮಳೆಯಾಶ್ರಿತ ರಾಗಿಗೆ ಶಿಫಾರಸಾದ ಸಾರಜನಕ ಹೆಕ್ಟೇರಿಗೆ 50 ಕಿಲೋ, ಅಂದರೆ ಎಕರೆಗೆ 20 ಕಿಲೋ. ಯೂರಿಯಾದಲ್ಲಿ ಶೇ. 46 ಸಾರಜನಕವಿರುವುದರಿಂದ 45 ಕಿಲೋ ತೂಕದ ಒಂದೇ ಚೀಲದಲ್ಲಿ ಇಷ್ಟೂ ಇದೆ. ಬಿತ್ತುವಾಗ 35 ಕಿಲೋ ಡಿಎಪಿ ಹಾಕಿದ್ದರೆ ಅದರಿಂದಲೇ 6 ಕಿಲೋ ದೊರೆತಿರುತ್ತದೆ; ಉಳಿದದ್ದಕ್ಕೆ 30 ಕಿಲೋ ಯೂರಿಯಾ ಸಾಕು. ಅದನ್ನೂ ಒಮ್ಮೆಗೇ ಹಾಕದೆ, ಒಂದು ಭಾಗವನ್ನು ಬಿತ್ತನೆಯ ತಿಂಗಳ ನಂತರ, ಕಳೆ ತೆಗೆದು, ನೆಲದಲ್ಲಿ ತೇವವಿದ್ದಾಗ ಕೊಡಬೇಕು. ಮಣ್ಣು ಆರೋಗ್ಯ ಚೀಟಿ ಇರುವ ರೈತರು ಈ ಲೆಕ್ಕವನ್ನು ತಮ್ಮ ಹೊಲಕ್ಕೆ ಹೊಂದಿಸಿಕೊಳ್ಳಲು ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಬಹುದು.

ಬೆಳೆ ಹೀರದೆ ಉಳಿದ ಸಾರಜನಕ ನೈಟ್ರೇಟ್ ರೂಪದಲ್ಲಿ ಮಳೆನೀರಿನೊಡನೆ ಕೆಳಗಿಳಿದು ಅಂತರ್ಜಲ ಸೇರುತ್ತದೆ. ಕುಡಿಯುವ ನೀರಿನಲ್ಲಿ ನೈಟ್ರೇಟ್‌ನ ಮಿತಿ ಲೀಟರಿಗೆ 45 ಮಿಲಿಗ್ರಾಂ. ಇದನ್ನು ಮೀರಿದ ನೀರು ಹಸುಗೂಸುಗಳಿಗೆ ಅಪಾಯಕಾರಿ, ಕುದಿಸಿದರೂ ಅದು ಹೋಗುವುದಿಲ್ಲ. ಆದ್ದರಿಂದ ಹೊಲಗಳ ಮಗ್ಗುಲಲ್ಲಿರುವ ಪಂಚಾಯಿತಿ ಕೊಳವೆಬಾವಿಗಳ ನೀರನ್ನು ಮಳೆಗಾಲ ಮುಗಿದ ಕೂಡಲೇ ಪರೀಕ್ಷೆಗೆ ಕಳುಹಿಸುವುದು ಅಗತ್ಯ.