ಗಡಿ ದಾಟುವ ಹಾವು, ಗಡಿಯಲ್ಲಿ ನಿಲ್ಲಬಾರದ ಕಾನೂನು

ಮಂಗಳವೇಢೆ ತಾಲೂಕಿನ ಹುಲಜಂತಿಗೆ ದೀಪಾವಳಿಯಲ್ಲಿ ಮಹಾಲಿಂಗರಾಯನ ಜಾತ್ರೆಗೆಂದು ಕರ್ನಾಟಕದ ಭಕ್ತರೂ ಮಹಾರಾಷ್ಟ್ರದ ಭಕ್ತರೂ ಕೂಡಿ ಬರುತ್ತಾರೆ. ಅವರಿಗೆ ರಾಜ್ಯದ ಗಡಿ ಅಡ್ಡಿಯಲ್ಲ. ವನ್ಯಜೀವಿಗಳನ್ನು ಕದ್ದು ಮಾರುವವರಿಗೂ ಅದು ಅಡ್ಡಿಯಲ್ಲ. ಅಡಗಲು ಸಿಕ್ಕ ಮರೆ ಮಾತ್ರ.

ಸೊಲ್ಲಾಪುರ, ಅಕ್ಕಲಕೋಟೆ, ವಿಜಯಪುರದ ಒಣಭೂಮಿಯಲ್ಲಿ ಈ ಕಳ್ಳವ್ಯಾಪಾರಕ್ಕೆ ಹೆಚ್ಚಾಗಿ ಬಲಿಯಾಗುವುದು ಮಣ್ಣುಮುಕ್ಕ ಹಾವು. ಮರಾಠಿಯಲ್ಲಿ ಇದರ ಹೆಸರು ಮಾಂಡೂಳ. ಬಾಲ ಮೊಂಡಾಗಿ ತಲೆಯಂತೆಯೇ ಕಾಣುವುದರಿಂದ ಜನ ಇದನ್ನು ‘ಎರಡು ತಲೆಯ ಹಾವು’ ಎನ್ನುತ್ತಾರೆ. ಮನೆಯಲ್ಲಿಟ್ಟರೆ ಐಶ್ವರ್ಯ ಬರುತ್ತದೆ, ನೆಲದಲ್ಲಿ ಹೂತ ನಿಧಿಯನ್ನು ತೋರಿಸುತ್ತದೆ ಎಂಬ ಮೂಢನಂಬಿಕೆಯೇ ಇದರ ಬೆಲೆಗೆ ಮೂಲ. ತೂಕ ಹೆಚ್ಚಿದಷ್ಟೂ ಬೆಲೆ ಹೆಚ್ಚೆಂದು ದಲ್ಲಾಳಿಗಳು ಆಸೆ ಹುಟ್ಟಿಸುತ್ತಾರೆ. ನಿಜದಲ್ಲಿ ಇದಕ್ಕೆ ವಿಷವಿಲ್ಲ, ಎರಡನೆಯ ತಲೆಯೂ ಇಲ್ಲ. ಹೊಲದ ಇಲಿಗಳನ್ನು ತಿಂದು ಬೆಳೆ ಕಾಯುವ ಇದು ರೈತನ ಮಿತ್ರ.

ಹಾವು ಹಿಡಿಯುವವನು ಬಹುಮಟ್ಟಿಗೆ ಹಳ್ಳಿಯ ಬಡ ಯುವಕ. ಕೊಳ್ಳುವವನು ದೂರದ ಪಟ್ಟಣದವನು. ನಡುವೆ ದಲ್ಲಾಳಿಗಳ ಸರಪಳಿ. ಪೊಲೀಸರ ಕೈಗೆ ಮೊದಲು ಸಿಗುವವನು ಆ ಯುವಕ. ಸರಪಳಿಯ ಇನ್ನೊಂದು ತುದಿ ಗಡಿಯಾಚೆಗೆ ಜಾರಿಕೊಳ್ಳುತ್ತದೆ. ಒಂದು ರಾಜ್ಯದ ತನಿಖೆ ಗಡಿಯಲ್ಲಿಯೇ ನಿಂತರೆ ಬಡವನಿಗೆ ಮೊಕದ್ದಮೆ, ವ್ಯಾಪಾರಿಗೆ ಬಿಡುಗಡೆ ಎಂದಾಗುತ್ತದೆ.

ಇದಕ್ಕೆ ಕಾನೂನಿನ ಕೊರತೆ ಕಾರಣವಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಎರಡೂ ರಾಜ್ಯಗಳಿಗೆ ಒಂದೇ. ಅರಣ್ಯಾಧಿಕಾರಿಗಳಿಗೂ ಸಬ್‌ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಪೊಲೀಸರಿಗೂ ಶೋಧಿಸುವ, ಬಂಧಿಸುವ ಅಧಿಕಾರವನ್ನು ಅದು ನೀಡಿದೆ. 2006ರ ತಿದ್ದುಪಡಿಯಿಂದ ವನ್ಯಜೀವಿ ಅಪರಾಧ ನಿಯಂತ್ರಣ ಬ್ಯೂರೊ ಹುಟ್ಟಿತು. ರಾಜ್ಯಗಳ ನಡುವೆ ಮಾಹಿತಿ ಹಂಚಿ ತನಿಖೆಗಳನ್ನು ಜೋಡಿಸುವುದು ಅದರ ಕರ್ತವ್ಯ. ಆದರೆ ಮಹಾರಾಷ್ಟ್ರ ಅದರ ಮುಂಬಯಿ ಕಚೇರಿಗೆ, ಕರ್ನಾಟಕ ಚೆನ್ನೈ ಕಚೇರಿಗೆ ಸೇರುತ್ತದೆ. ಈ ದಂಡೆಯ ಪಂಚನಾಮೆ ಮರಾಠಿಯಲ್ಲಿ, ಆ ದಂಡೆಯದು ಕನ್ನಡದಲ್ಲಿ. ಭೀಮೆಯ ಎರಡು ದಂಡೆಗಳ ಅಧಿಕಾರಿಗಳು ಒಬ್ಬರಿಗೊಬ್ಬರು ತಡವಿಲ್ಲದೆ ಸುದ್ದಿ ಮುಟ್ಟಿಸದಿದ್ದರೆ ಕಾಯಿದೆ ಕಾಗದದಲ್ಲಿಯೇ ಉಳಿಯುತ್ತದೆ.

ಸಹಕಾರವಿಲ್ಲದ ಕಡೆ ಏನಾಗುತ್ತದೆಂಬುದನ್ನು ಕನ್ನಡನಾಡು ಕಂಡಿದೆ. ಆನೆದಂತ ಮತ್ತು ಗಂಧದ ಕಳ್ಳ ವೀರಪ್ಪನ್ ಕರ್ನಾಟಕ, ತಮಿಳುನಾಡು, ಕೇರಳಗಳ ಕಾಡುಗಡಿಯನ್ನೇ ಕೋಟೆ ಮಾಡಿಕೊಂಡಿದ್ದ. ಅವನನ್ನು ಶರಣಾಗುವಂತೆ ಮನವೊಲಿಸಲು ಯತ್ನಿಸಿದ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ 1991ರಲ್ಲಿ ಅವನಿಂದಲೇ ಹತರಾದರು. ಕರ್ನಾಟಕ, ತಮಿಳುನಾಡುಗಳ ವಿಶೇಷ ಪಡೆಗಳು ವರ್ಷಗಟ್ಟಲೆ ಬೆನ್ನಟ್ಟಿದ ಮೇಲೆ 2004ರ ಅಕ್ಟೋಬರ್ 18ರಂದು ಅವನ ಅಂತ್ಯವಾಯಿತು.

ಈ ವ್ಯಾಪಾರ ದೇಶದ ಗಡಿಯನ್ನೂ ದಾಟುತ್ತದೆ. ದಕ್ಷಿಣದ ಒಣನಾಡುಗಳಲ್ಲಿ ಹಿಡಿದ ನಕ್ಷತ್ರ ಆಮೆಗಳನ್ನು ಸಾಮಾನಿನೊಳಗೆ ಅಡಗಿಸಿ ವಿದೇಶಕ್ಕೆ ಸಾಗಿಸುತ್ತಾರೆ. 2019ರಲ್ಲಿ ಅಂತರರಾಷ್ಟ್ರೀಯ ‘ಸೈಟಿಸ್’ ಒಪ್ಪಂದದ ಒಂದನೆಯ ಪಟ್ಟಿಗೆ ಈ ಆಮೆಯನ್ನು ಸೇರಿಸಲಾಯಿತು. ಆದರೆ ವಿಮಾನ ನಿಲ್ದಾಣದಲ್ಲಿ ಸಿಕ್ಕ ಪೆಟ್ಟಿಗೆಯ ಮೂಲ ಯಾವುದೋ ಹಳ್ಳಿಯ ಹೊಲದಲ್ಲಿರುತ್ತದೆ. ಅಲ್ಲಿಯವರೆಗೆ ತನಿಖೆ ಮುಟ್ಟಬೇಕಾದರೆ ಸ್ಥಳೀಯರ ನೆರವು ಬೇಕೇ ಬೇಕು.

ಇಲ್ಲಿ ಗಡಿನಾಡ ಕನ್ನಡ ಕುಟುಂಬಗಳಿಗೆ ವಿಶೇಷ ಸ್ಥಾನವಿದೆ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ ಆಡುವ ಇವರು ಎರಡೂ ಕಡೆಯ ಮಾತು ಬಲ್ಲವರು. ಹಾವನ್ನೋ ಆಮೆಯನ್ನೋ ಕೊಳ್ಳುವವರು ಊರಿಗೆ ಬಂದರೆ ಮಹಾರಾಷ್ಟ್ರ ಅರಣ್ಯ ಇಲಾಖೆಯ 1926 ಅಥವಾ ಪೊಲೀಸರ 112 ಸಂಖ್ಯೆಗೆ ತಿಳಿಸಬಹುದು. ಅವರನ್ನು ತಾವೇ ತಡೆಯಲು ಹೋಗಬಾರದು. ‘ಒಂದು ಹಾವು ಹಿಡಿದುಕೊಟ್ಟರೆ ಲಕ್ಷ ರೂಪಾಯಿ’ ಎಂಬ ಮಾತು ಶಾಲೆ ಬಿಟ್ಟ ಹುಡುಗನ ಕಿವಿಗೆ ಬೀಳುವ ಮೊದಲೇ, ಅದು ಸೆರೆಮನೆಯ ದಾರಿ ಎಂಬುದನ್ನು ಅವನ ತಾಯಿತಂದೆ, ಗುರುಗಳು ತಿಳಿಸಿ ಹೇಳಬೇಕು.