ಡೇರೆಯ ಸುಖ, ಕಾಡಿನ ಲೆಕ್ಕ

ದಸರಾ ಬಂತೆಂದರೆ ಮಂಗಳೂರಿನ ಬೀದಿಗಳಲ್ಲಿ ಹುಲಿಗಳಿಗೆ ಬರವಿಲ್ಲ. ಆದರೆ ಬಣ್ಣ ಬಳಿಯದ ಹುಲಿಯನ್ನು ಅದರ ಕಾಡಿನಲ್ಲೇ ಕಾಣಬೇಕೆಂದರೆ ಘಟ್ಟ ಹತ್ತಲೇಬೇಕು. ಸಂಪಾಜೆ, ಮಡಿಕೇರಿ ದಾಟಿ ನಾಗರಹೊಳೆ, ಕಬಿನಿಯತ್ತ ಸಾಗುವ ಪ್ರವಾಸಿಗರಿಗೆ ಹುಲಿಯಷ್ಟೇ ದೊಡ್ಡ ಆಕರ್ಷಣೆ ಕಾಡಂಚಿನ ಡೇರೆವಾಸ. ಅದು ಹೆಸರಿಗಷ್ಟೇ ಡೇರೆ. ಕ್ಯಾನ್ವಾಸ್ ಗೋಡೆಯ ಒಳಗೆ ಮೆತ್ತನೆಯ ಹಾಸಿಗೆ, ಬಿಸಿನೀರಿನ ಸ್ನಾನಗೃಹ, ಹವಾನಿಯಂತ್ರಣ; ಅಡಿಯಲ್ಲಿ ಸಿಮೆಂಟಿನ ಕಟ್ಟೆ.

ಈ ಅಭಿರುಚಿ ಹೊಸತೇನಲ್ಲ. ಮೈಸೂರು ಅರಸರ ಕಾಲದಲ್ಲಿ ಕಾಕನಕೋಟೆಯ ಖೆಡ್ಡಾ ನೋಡಲು ಬರುವ ವೈಸರಾಯ್‌ಗಳಿಗಾಗಿ ಕಾರಾಪುರದಲ್ಲಿ ಡೇರೆಗಳ ಬೀಡೇ ಏಳುತ್ತಿತ್ತು. ಆನೆ ಹಿಡಿದು ಮುಗಿದೊಡನೆ ಡೇರೆಗಳೂ ಕಳಚುತ್ತಿದ್ದವು. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. 1974ರಲ್ಲಿ ಪೂರ್ಣಗೊಂಡ ಕಬಿನಿ ಅಣೆಕಟ್ಟಿನ ಹಿನ್ನೀರಿನಲ್ಲಿ ಆ ಬಯಲೂ ಮುಳುಗಿತು. 1980ರಲ್ಲಿ ರಾಜ್ಯ ಸರ್ಕಾರ ಟೈಗರ್ ಟಾಪ್ಸ್ ಸಂಸ್ಥೆಯ ಸಹಯೋಗದಲ್ಲಿ ಜಂಗಲ್ ಲಾಡ್ಜಸ್ ಆರಂಭಿಸಿದಾಗ ಕಾರಾಪುರದ ಹಳೆಯ ಬೇಟೆಬಂಗಲೆಗಳಿಗೆ ಮರುಜೀವ ಬಂತು. ಮುಂದೆ ಬಿಳಿಗಿರಿರಂಗನ ಬೆಟ್ಟದ ಕೆ. ಗುಡಿಯಲ್ಲಿ ಡೇರೆಗಳ ಶಿಬಿರವೇ ತಲೆಯೆತ್ತಿತು. ಕೋವಿ ಹಿಡಿದು ಬರುತ್ತಿದ್ದ ಜಾಗಕ್ಕೆ ಜನ ಕ್ಯಾಮೆರಾ ಹಿಡಿದು ಬಂದರು. ಇದು ಸಣ್ಣ ಬದಲಾವಣೆಯಲ್ಲ. 2022ರ ಗಣತಿಯಂತೆ ಕರ್ನಾಟಕದಲ್ಲಿ 563 ಹುಲಿಗಳಿವೆ. ಮಧ್ಯಪ್ರದೇಶದ ನಂತರದ ಸ್ಥಾನ ನಮ್ಮದು. ಹುಲಿಯ ಪರವಾಗಿ ನಗರಗಳಲ್ಲಿ ಜನಾಭಿಪ್ರಾಯ ಮೂಡಿದ್ದರಲ್ಲಿ ಇಂಥ ಶಿಬಿರಗಳ ಪಾಲೂ ಇದೆ.

ಆದರೆ ಲೆಕ್ಕದ ಇನ್ನೊಂದು ಪುಟವನ್ನೂ ತಿರುವಿ ನೋಡಬೇಡವೆ? ಜೇನುಕುರುಬರು ಹಾಡಿ ಬಿಟ್ಟು ಹೊರಡಬೇಕೆಂಬ ಒತ್ತಡವಿದ್ದ ನಾಗರಹೊಳೆಯಲ್ಲೇ ತಾಜ್ ಸಮೂಹಕ್ಕೆ ವಸತಿಗೃಹ ನಡೆಸಲು ಅರಣ್ಯಭೂಮಿಯನ್ನು ಗುತ್ತಿಗೆ ನೀಡಲಾಗಿತ್ತು. ಆದಿವಾಸಿಗಳ ಸಂಘಟನೆ ನ್ಯಾಯಾಲಯದ ಬಾಗಿಲು ತಟ್ಟಿತು. ಕೇಂದ್ರದ ಪೂರ್ವಾನುಮತಿ ಇಲ್ಲದೆ ಅರಣ್ಯವನ್ನು ಹೀಗೆ ಕೊಡುವುದು 1980ರ ಅರಣ್ಯ ಸಂರಕ್ಷಣಾ ಕಾಯ್ದೆಗೆ ವಿರುದ್ಧವೆಂದು ಹೈಕೋರ್ಟ್ 1997ರಲ್ಲಿ ತೀರ್ಪಿತ್ತಿತು. ಕೆ. ಗುಡಿಯ ಸುತ್ತಲ ಕಾಡು 2011ರಲ್ಲಿ ಹುಲಿ ರಕ್ಷಿತಾರಣ್ಯವಾಯಿತು. ಅದೇ ವರ್ಷ ಅಲ್ಲಿನ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕು ದೊರೆಯಿತು. ತಲೆಮಾರುಗಳಿಂದ ಅಲ್ಲೇ ಬದುಕಿದವರು ತಮ್ಮ ಹಕ್ಕಿಗಾಗಿ ಕಾಯುತ್ತಿದ್ದಾಗ ಎರಡು ರಾತ್ರಿಯ ಅತಿಥಿಗೆ ಹಾಸಿಗೆ ಮೊದಲೇ ಸಿದ್ಧವಾಗಿತ್ತು.

2025ರಲ್ಲಿ ಸರಗೂರು ಭಾಗದಲ್ಲಿ ರೈತರು ಹುಲಿ ದಾಳಿಗೆ ಬಲಿಯಾದಾಗ ಈ ಅಸಮಾಧಾನ ಸ್ಫೋಟಿಸಿತು. ಆ ನವೆಂಬರ್‌ನಲ್ಲಿ ಸರ್ಕಾರ ಬಂಡೀಪುರ, ನಾಗರಹೊಳೆಗಳ ಸಫಾರಿಯನ್ನೇ ನಿಲ್ಲಿಸಬೇಕಾಯಿತು. ಸಫಾರಿಯ ಗದ್ದಲ, ರೆಸಾರ್ಟುಗಳ ದೀಪಗಳೇ ಹುಲಿಯನ್ನು ಹೊಲಕ್ಕೆ ಅಟ್ಟುತ್ತಿವೆ ಎಂಬ ಆರೋಪ ಚರ್ಚಾಸ್ಪದವಿರಬಹುದು. ಆದರೆ ಸಿಟ್ಟಿನ ಬೇರು ಸ್ಪಷ್ಟವಾಗಿದೆ: ಹುಲಿಯ ಹೆಸರಿನ ಆದಾಯ ಡೇರೆಗೆ, ಹುಲಿಯ ಭಯ ಗುಡಿಸಲಿಗೆ.

ಇದಕ್ಕೆ ಡೇರೆಗಳನ್ನೆಲ್ಲ ಕಿತ್ತುಹಾಕುವುದು ಪರಿಹಾರವಲ್ಲ. ಹಾಗಾದರೆ ಕೆಲಸ ಕಳೆದುಕೊಳ್ಳುವವರೂ ಅದೇ ಹಳ್ಳಿಯವರು. ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರದ 2012ರ ಮಾರ್ಗಸೂಚಿ ಪ್ರವಾಸೋದ್ಯಮವನ್ನು ರಕ್ಷಿತಾರಣ್ಯದ ತಿರುಳು ಪ್ರದೇಶದ ಶೇ 20ಕ್ಕೆ ಮಿತಗೊಳಿಸಿದೆ. ಪ್ರವಾಸಿ ಉದ್ಯಮದಿಂದ ಸಂರಕ್ಷಣಾ ಶುಲ್ಕ ಪಡೆದು ಸ್ಥಳೀಯರ ಜೀವನೋಪಾಯಕ್ಕೆ ಬಳಸಬೇಕೆಂದೂ ಹೇಳಿದೆ. ಅದರ ಲೆಕ್ಕ ಪ್ರತಿ ಕಾಡಂಚಿನ ಗ್ರಾಮಸಭೆಯಲ್ಲಿ ಓದಿ ಹೇಳುವಂತಾಗಬೇಕು. ಬೆಳೆ ಹಾಳಾದವನಿಗೆ, ದನ ಕಳೆದುಕೊಂಡವಳಿಗೆ ಪರಿಹಾರ ಕಚೇರಿಗೆ ಅಲೆಸದೆ ಸಿಗಬೇಕು.

ಅತಿಥಿಗೂ ಹೊಣೆಯಿದೆ. ಮುಂಗಡ ಹಣ ಕಟ್ಟುವ ಮೊದಲು ಹುಲಿ ಕಾಣುವ ಖಾತರಿ ಕೇಳುವುದನ್ನು ಬಿಟ್ಟು ಬೇರೆ ಪ್ರಶ್ನೆಗಳನ್ನು ಕೇಳಬಹುದು. ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆ? ರಾತ್ರಿ ದೀಪ, ಜನರೇಟರ್ ಎಷ್ಟು ಹೊತ್ತಿಗೆ ಆರುತ್ತವೆ? ಬೇಲಿ ಪ್ರಾಣಿಗಳ ದಾರಿಗೆ ಅಡ್ಡವಾಗಿದೆಯೆ? ಹಾಡಿಯ ಯುವಕರು ಅಲ್ಲಿ ಮಾರ್ಗದರ್ಶಕರೋ, ಬರಿಯ ಕಸ ಗುಡಿಸುವವರೋ? ಡೇರೆಯ ಹೆಚ್ಚುಗಾರಿಕೆ ಇರುವುದು ಅದರ ಹಗುರತನದಲ್ಲಿ. ಕಳಚಿದ ಮರುಮಳೆಗೆ ಅದು ನಿಂತ ನೆಲದಲ್ಲಿ ಹುಲ್ಲು ಚಿಗುರುವಂತಿದ್ದರೆ ಮಾತ್ರ ಅದಕ್ಕೆ ಆ ಹೆಸರು ಸಲ್ಲುತ್ತದೆ.